ಸ್ವಾಹಿಲಿ ನಾಡಿನ ಒಂದು ಶಿಶುವಿಹಾರ

ಆಫ್ರಿಕದ ಪೂರ್ವ ಕರಾವಳಿಯಲ್ಲಿ ಎಳೆಯ ಮಕ್ಕಳ ಶಾಲೆಗೆ ‘ಚೆಕೆಚೆಯಾ’ ಎಂದು ಹೆಸರು. ಸರ್ಕಾರದ ಕಾಗದಪತ್ರಗಳಲ್ಲಿ ಅದನ್ನೇ ‘ಎಲಿಮು ಯಾ ಅವಾಲಿ’, ಎಂದರೆ ಮೊದಲ ವಿದ್ಯೆ, ಎಂದು ಬರೆಯುತ್ತಾರೆ. ಈ ‘ಅವಾಲಿ’ ಅರಬ್ಬಿಯಿಂದ ಬಂದ ಮಾತು. ಮಾಮಲೇದಾರರ ಕಚೇರಿಯಲ್ಲಿ ಅವ್ವಲ ಕಾರಕೂನರನ್ನು ಕಂಡ ನಮ್ಮ ಹಿರಿಯರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಬ್ಬೀ ಸಮುದ್ರದ ಈ ದಡಕ್ಕೂ ಆ ದಡಕ್ಕೂ ಹಡಗುಗಳು ಹೋಗಿಬರುತ್ತಿದ್ದ ಕಾಲದಲ್ಲಿ ಸರಕಿನ ಮೂಟೆಗಳ ಜೊತೆಗೆ ಮಾತುಗಳೂ ಹತ್ತಿ ಇಳಿದುವು. ನಾವು ಬಂದರು ಎಂದರೆ ಅವರು ಬಂದಾರಿ ಎನ್ನುತ್ತಾರೆ. ನಮ್ಮ ವಕೀಲ ಅವರಿಗೆ ವಕೀಲಿ, ನಮ್ಮ ತಾರೀಖು ತಾರೇಹೆ, ನಮ್ಮ ಸಾಬೂನು ಸಬೂನಿ, ನಮ್ಮ ದಫ್ತರ ದಫ್ತಾರಿ. ಲೆಕ್ಕಕ್ಕೆ ಅವರು ಹೆಸಾಬು ಎನ್ನುವುದನ್ನು ಮೊದಲ ದಿನ ಕೇಳಿದಾಗ, ಹುಬ್ಬಳ್ಳಿಯ ಕಡೆಯ ಯಾರೋ ಕಿರಾಣಿ ಅಂಗಡಿಯವರು ಹಿಂದೆ ನಿಂತು ಮಾತನಾಡಿದಂತೆಯೇ ನಮಗೆ ಅನಿಸಿತು.

ಉದ್ಯೋಗದ ನಿಮಿತ್ತ ನಾವು ಕೆಲವು ಕಾಲ ಟಾಂಜಾನಿಯಾದ ದಾರ್-ಎಸ್-ಸಲಾಮ್ ನಗರದಲ್ಲಿದ್ದೆವು. ಅಲ್ಲಿಂದ ಉತ್ತರಕ್ಕೆ ಸುಮಾರು ೭೦ ಕಿಲೋಮೀಟರು ದೂರದಲ್ಲಿ ಬಾಗಮೋಯೋ ಎಂಬ ಹಳೆಯ ಬಂದರು ಉಂಟು. ಆ ಸೀಮೆಯ ಒಂದು ಹಳ್ಳಿಯ ಶಿಶುವಿಹಾರಕ್ಕೆ ೨೦೧೮ರಲ್ಲಿ ಒಂದು ವರ್ಷದ ಕಾಲ, ವಾರಕ್ಕೊಂದು ದಿನ ಹೋಗಿ, ಉಪಾಧ್ಯಾಯಿನಿಯವರ ಕೈಕೆಳಗೆ ಕೆಲಸ ಮಾಡುವ ಅವಕಾಶ ನಮಗೆ ದೊರೆಯಿತು. ನಮ್ಮ ಸ್ವಾಹಿಲಿಯೋ ಅಂಗಡಿಯಲ್ಲಿ ಉಪ್ಪು ಸಕ್ಕರೆ ಕೊಳ್ಳುವುದಕ್ಕೆ ಸಾಕಾಗುವಷ್ಟು. ಆದ್ದರಿಂದ ಮೊದಮೊದಲು ನಮಗೆ ಒಪ್ಪಿಸಿದ ಕೆಲಸವೆಂದರೆ ಚಾಪೆ ಹಾಸುವುದು, ಮೂಗು ಒರೆಸುವುದು, ಬಿರಡೆಗಳನ್ನು ಎಣಿಸಿ ಹಂಚುವುದು. ಇಂಡಿಯದವರನ್ನು ಅಲ್ಲಿ ‘ಮ್ಹಿಂದಿ’ ಎನ್ನುತ್ತಾರೆ. ಮೆಕ್ಕೆಜೋಳದ ತೆನೆಗೂ ಹೆಚ್ಚುಕಡಮೆ ಅದೇ ಉಚ್ಚಾರದ ‘ಮುಹಿಂದಿ’ ಎಂಬ ಹೆಸರೇ. ಈ ಶ್ಲೇಷೆಯನ್ನು ಐದು ವರ್ಷದ ಮಕ್ಕಳು ಬಿಟ್ಟಾರೆಯೇ? ಸುಟ್ಟ ತೆನೆಯೊಂದನ್ನು ನಮ್ಮ ಪಕ್ಕಕ್ಕೆ ಹಿಡಿದು, ಇದು ಯಾರು, ಅದು ಏನು ಎಂದು ಕೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುವುದು ಅವರಿಗೆ ವರ್ಷವಿಡೀ ಸಾಕಾಗಲಿಲ್ಲ.

ಶಾಲೆ ಎಂದರೆ ಒಂದೇ ಕೋಣೆ. ಕೋಲುಗಳ ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಮೇಲೆ ತೆಂಗಿನ ಗರಿಯ ಮಾಡು, ಮುಂದೆ ಒಂದು ದೊಡ್ಡ ಮಾವಿನ ಮರ. ನೆಲದ ಮೇಲೆ ಈಚಲ ಜಾತಿಯ ಗರಿಯಿಂದ ಹೆಣೆದ ಚಾಪೆಗಳು. ಮಕ್ಕಳು ಅರವತ್ತಕ್ಕೆ ಕಡಮೆಯಿಲ್ಲ, ಕೆಲವು ದಿನ ಎಪ್ಪತ್ತು, ಕಲಿಸುವವರು ಒಬ್ಬರೇ. ಇಂಥ ಶಾಲೆಗಳಿಗೆ ‘ಶಿಕಿಜಿ’ ಎನ್ನುತ್ತಾರೆ, ದೊಡ್ಡ ಶಾಲೆಯೊಂದಕ್ಕೆ ಅಂಟಿಕೊಂಡ ಸಣ್ಣ ಶಾಲೆ ಎಂದು ಅರ್ಥ. ದೊಡ್ಡ ಪ್ರಾಥಮಿಕ ಶಾಲೆ ಅಲ್ಲಿಂದ ಒಂದು ಗಂಟೆಯ ನಡಿಗೆಯ ದೂರದಲ್ಲಿ, ಹಳ್ಳವೊಂದರ ಆಚೆಗಿತ್ತು. ಮಾರ್ಚಿಯಿಂದ ಮೇ ತಿಂಗಳವರೆಗೆ ‘ಮಸೀಕಾ’ ಎಂಬ ದೊಡ್ಡ ಮಳೆಗಾಲ. ಆಗ ಹಳ್ಳ ತುಂಬಿದರೆ ದೊಡ್ಡವರೇ ದಾಟಲು ಹಿಂಜರಿಯುತ್ತಾರೆ. ಐದು ವರ್ಷದ ಕೂಸನ್ನು ಯಾವ ತಾಯಿ ಕಳುಹಿಸುತ್ತಾಳೆ? ಹಾಗಾಗಿ ಊರವರೇ ಕೂಡಿ ಈ ಕೋಣೆಯನ್ನು ಎಬ್ಬಿಸಿದ್ದರು.

ಕಾನೂನಿನ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಟಾಂಜಾನಿಯಾ ಸರ್ಕಾರ ೧೯೯೫ರ ಶಿಕ್ಷಣ ನೀತಿಯಲ್ಲಿ ಪ್ರಾಥಮಿಕ ಶಾಲೆಗೆ ಮುಂಚಿನ ಕಲಿಕೆಯನ್ನು ತನ್ನ ಏರ್ಪಾಡಿನ ಒಂದು ಭಾಗವೆಂದು ಒಪ್ಪಿಕೊಂಡಿತು. ೨೦೧೪ರ ನೀತಿ ಅದನ್ನು ಒಂದು ವರ್ಷದ ಮಟ್ಟಿಗೆ ಕಡ್ಡಾಯ ಮಾಡಿತು. ೨೦೧೬ರಿಂದ ಸರ್ಕಾರಿ ಶಾಲೆಗಳಲ್ಲಿ ಶುಲ್ಕವೂ ಇಲ್ಲವಾಯಿತು. ಒಬ್ಬ ಉಪಾಧ್ಯಾಯರಿಗೆ ೨೫ ಮಕ್ಕಳೆಂಬುದು ಕಾಗದದ ಮೇಲಣ ಪ್ರಮಾಣ. ಹಳ್ಳಿಗಾಡಿನಲ್ಲಿ ಅದರ ಹಲವು ಪಟ್ಟು ಮಕ್ಕಳು ಒಂದೇ ಚಾವಣಿಯ ಕೆಳಗೆ ಕೂಡುತ್ತಾರೆ. ಶುಲ್ಕ ಹೋದುದು ಒಳ್ಳೆಯದೇ ಆಯಿತು, ಬಡವರ ಮಕ್ಕಳು ಗುಂಪುಗುಂಪಾಗಿ ಬಂದರು. ಆದರೆ ಇನ್ನು ಮೇಲೆ ಎಲ್ಲವನ್ನೂ ಸರ್ಕಾರವೇ ಕೊಡುತ್ತದೆ ಎಂದು ಅನೇಕ ಊರುಗಳ ತಾಯಿತಂದೆಯರು ತಿಳಿದು, ಗಂಜಿಯ ಹಿಟ್ಟಿಗೂ ಸಹಾಯಕ ಉಪಾಧ್ಯಾಯಿನಿಯರ ಸಂಬಳಕ್ಕೂ ತಾವು ಕೊಡುತ್ತಿದ್ದ ವಂತಿಗೆಯನ್ನು ನಿಲ್ಲಿಸಿದರು. ಒಂದು ಕೈಯಿಂದ ಬಂದುದು ಇನ್ನೊಂದು ಕೈಯಿಂದ ಸೋರಿತು.

ಶಾಲೆ ಆರಂಭವಾಗುವುದು ‘ಎರಡು ಗಂಟೆ’ಗೆ. ವಾಚಕರು ಬೆಚ್ಚಬೇಕಾಗಿಲ್ಲ. ಸ್ವಾಹಿಲಿ ಜನ ಹೊತ್ತನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ, ಎಂಟು ಗಂಟೆ ಎಂದರೆ ಎರಡು. ಉದಯದಿಂದ ಗಳಿಗೆ ಎಣಿಸುತ್ತಿದ್ದ ನಮ್ಮ ಅಜ್ಜಂದಿರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು. ಉಪಾಧ್ಯಾಯಿನಿ ಬಾಗಿಲಲ್ಲಿ ಕಾಣಿಸಿಕೊಂಡೊಡನೆ ಅರವತ್ತು ಗಂಟಲುಗಳಿಂದ ‘ಶಿಕಮೋ, ಮ್ವಾಲಿಮು!’ ಎಂಬ ಕೂಗು ಏಳುತ್ತದೆ. ಕಿರಿಯರು ಹಿರಿಯರಿಗೆ ಮಾತ್ರ ಹೇಳತಕ್ಕ ವಂದನೆ ಇದು. ನಿಮ್ಮ ಕಾಲು ಹಿಡಿಯುತ್ತೇನೆ ಎಂಬುದು ಅದರ ಮೂಲಾರ್ಥವಂತೆ. ಹಿರಿಯರು ‘ಮರಹಬಾ’ ಎಂದು ಸ್ವೀಕರಿಸುತ್ತಾರೆ. ಮ್ವಾಲಿಮು ಎಂದರೆ ಗುರು. ಆ ದೇಶದ ಮೊದಲ ರಾಷ್ಟ್ರಾಧ್ಯಕ್ಷ ಜೂಲಿಯಸ್ ನ್ಯೆರೆರೆಯವರೂ ಮೇಷ್ಟರಾಗಿದ್ದವರು. ಇಂದಿಗೂ ಹೆಸರು ಹೇಳದೆ ಬರಿಯ ಮ್ವಾಲಿಮು ಎಂದರೆ ಜನ ಅವರನ್ನೇ ನೆನೆಯುತ್ತಾರೆ. ಅಂಥ ಬಿರುದನ್ನು ಚಾಪೆಯ ಮೇಲೆ ಕುಳಿತು ಮಕ್ಕಳ ಉಗುರು ಪರೀಕ್ಷಿಸುವ ಹಳ್ಳಿಯ ಹೆಂಗಸಿಗೂ ಕೊಡುತ್ತಾರಲ್ಲ, ಅದು ನಮಗೆ ಬಹಳ ಮೆಚ್ಚಿಗೆಯಾಯಿತು.

ಅಕ್ಷರ ಕಲಿಸುವ ಕ್ರಮವನ್ನು ನೋಡಿದಾಗ ನಮಗೆ ಕಾಗುಣಿತ ನೆನಪಾಗದೆ ಇರಲಿಲ್ಲ. ಲಿಪಿ ರೋಮನ್ ಆದರೂ ಸ್ವಾಹಿಲಿಯಲ್ಲಿ ಬರೆದಂತೆಯೇ ಓದುವುದು. ಸ್ವರಗಳು ಐದೇ: ಅ, ಎ, ಇ, ಒ, ಉ. ಪ್ರತಿಯೊಂದು ವ್ಯಂಜನವನ್ನೂ ಈ ಐದರೊಡನೆ ಕೂಡಿಸಿ ಮ, ಮೆ, ಮಿ, ಮೊ, ಮು ಎಂದು ಹೇಳಿಸುತ್ತಾರೆ. ಇಂಗ್ಲಿಷಿನ ಕಾಗುಣಿತವಿಲ್ಲದ ಕಾಡಿನಲ್ಲಿ ನಮ್ಮ ಮಕ್ಕಳು ಎರಡು ವರ್ಷ ತೊಳಲುವುದನ್ನು ಕಂಡವರಿಗೆ ಇದರ ಸುಖ ಗೊತ್ತಾಗುತ್ತದೆ. ಹತ್ತು ಗುಣಿತಾಕ್ಷರ ಬಂದರೆ ಸಾಕು, ಮಗು ಮನೆಯವರನ್ನೆಲ್ಲ ಓದಬಲ್ಲದು. ಮಾಮಾ ಎಂದರೆ ತಾಯಿ, ಬಾಬಾ ಎಂದರೆ ತಂದೆ, ಬೀಬಿ ಎಂದರೆ ಅಜ್ಜಿ. ದಾದಾ ಎಂದರೆ ಅಕ್ಕ, ಕಾಕಾ ಎಂದರೆ ಅಣ್ಣ! ಪುಣೆಯಲ್ಲಿ ಬೆಳೆದವರಿಗೆ ಈ ಸಂಸಾರದ ಲೆಕ್ಕ ಹೊಂದಿಸಿಕೊಳ್ಳುವುದಕ್ಕೆ ಒಂದು ತಿಂಗಳಾದರೂ ಬೇಕು.

ಹೀಗೆ ಭಾಷೆ ಸುಲಭವಾಗಿರುವುದರಿಂದಲೇ ಒಂದು ಅಪಾಯವೂ ಉಂಟು. ಗೋಡೆಯ ಮೇಲೆ ಬರೆದುದನ್ನು ನೋಡದೆಯೇ ಅರವತ್ತು ಮಕ್ಕಳೂ ಒಂದೇ ರಾಗದಲ್ಲಿ ಅದನ್ನು ಒಪ್ಪಿಸಿಬಿಡುತ್ತಾರೆ. ಹೊರಗಿನಿಂದ ಕೇಳಿದವರಿಗೆ ಶಾಲೆ ಬಲು ಚೆನ್ನಾಗಿ ನಡೆಯುತ್ತಿದೆ ಎನಿಸುತ್ತದೆ. ನಮ್ಮ ಉಪಾಧ್ಯಾಯಿನಿ ಈ ರಾಗಕ್ಕೆ ಮರುಳಾಗುವವರಲ್ಲ. ಸಿಮೆಂಟಿನ ಖಾಲಿ ಚೀಲಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಒಂದೊಂದರ ಮೇಲೂ ಒಂದೊಂದು ಗುಣಿತಾಕ್ಷರವನ್ನು ಬರೆದು, ಮಾವಿನ ಮರದ ಕೆಳಗೆ ಹರಡಿಬಿಡುತ್ತಿದ್ದರು. ‘ಮಾಜಿ ತನ್ನಿ’ ಎಂದರೆ ಇಬ್ಬರು ಮಕ್ಕಳು ಓಡಿ ಒಬ್ಬ ‘ಮಾ’ವನ್ನೂ ಇನ್ನೊಬ್ಬ ‘ಜಿ’ಯನ್ನೂ ಹುಡುಕಿ ತಂದು ಜೋಡಿಸಿ ನಿಲ್ಲಬೇಕು. ಮಾಜಿ ಎಂದರೆ ನೀರು. ಸರಿಯಾಗಿ ತಂದವರಿಗೆ ಹೂಜಿಯಿಂದ ಒಂದು ಲೋಟ ನೀರು. ಓದಿದ ಮಾತು ಗಂಟಲಲ್ಲಿ ತಣ್ಣಗೆ ಇಳಿಯುವ ಪಾಠ ಅದು.

ಲೆಕ್ಕಕ್ಕೆ ಬಾಟಲಿಯ ಬಿರಡೆಗಳು, ಕಡ್ಡಿಗಳು, ಸಮುದ್ರದ ಕಪ್ಪೆಚಿಪ್ಪುಗಳು. ಆ ಊರಿನ ತುಂಬ ಗೇರುಮರಗಳಿದ್ದರೂ ಗೇರುಬೀಜವನ್ನು ಎಣಿಸಲು ಕೊಡುತ್ತಿರಲಿಲ್ಲ. ಹಸಿ ಬೀಜದ ಸಿಪ್ಪೆಯ ಎಣ್ಣೆ ಎಳೆಯ ಕೈಯನ್ನು ಸುಡುತ್ತದೆ. ಮಂಗಳೂರಿನ ಕಡೆಯ ವಾಚಕರಿಗೆ ಇದು ತಿಳಿದ ಸಂಗತಿಯೇ. ಅಲ್ಲಿನ ಕಾರ್ಖಾನೆಗಳಲ್ಲಿ ಸುಲಿದ ಬೀಜಗಳಲ್ಲಿ ಎಷ್ಟೋ ಪಾಲು ಹಿಂದಿನಿಂದಲೂ ಈ ಪೂರ್ವ ಆಫ್ರಿಕದ ಕರಾವಳಿಯಿಂದ ಹಡಗಿನಲ್ಲಿ ಬಂದದ್ದು. ಸ್ವಾಹಿಲಿಯಲ್ಲಿ ಹನ್ನೊಂದಕ್ಕೆ ಹತ್ತು-ಮತ್ತು-ಒಂದು ಎಂದೇ ಹೇಳುವುದು, ಹನ್ನೆರಡಕ್ಕೆ ಹತ್ತು-ಮತ್ತು-ಎರಡು. ಹತ್ತು ಕಡ್ಡಿಗಳ ಕಟ್ಟಿನ ಪಕ್ಕಕ್ಕೆ ಒಂದು ಬಿಡಿ ಕಡ್ಡಿ ಇಟ್ಟರೆ ಕಣ್ಣು ಕಂಡದ್ದನ್ನೇ ಬಾಯಿ ಹೇಳುತ್ತದೆ. ಮರಾಠಿಯ ಅಠ್ಠೇಚಾಳೀಸು, ಏಕೋಣಪನ್ನಾಸುಗಳನ್ನು ಉರುಹೊಡೆದು ಅಳುವ ನಮ್ಮ ಮನೆಗಳ ಮಕ್ಕಳು ಇದನ್ನು ಕಂಡರೆ ಹೊಟ್ಟೆಕಿಚ್ಚುಪಟ್ಟಾರು.

ನಾಲ್ಕು ಗಂಟೆಗೆ, ಎಂದರೆ ನಮ್ಮ ಹತ್ತಕ್ಕೆ, ಗಂಜಿ. ಅದಕ್ಕೆ ‘ಉಜಿ’ ಎನ್ನುತ್ತಾರೆ. ಸಾಮಾನ್ಯವಾಗಿ ಮೆಕ್ಕೆಜೋಳದ ಹಿಟ್ಟಿನದು. ಕೈ ಸ್ವಲ್ಪ ಸಡಿಲವಾಗಿದ್ದ ತಿಂಗಳಲ್ಲಿ ರಾಗಿಯದು. ತಾಯಂದಿರು ಸರದಿಯ ಮೇಲೆ ಸೌದೆ ನೀರು ಹೊತ್ತು ತಂದು ಕಾಯಿಸುತ್ತಾರೆ. ಗಂಜಿ ಇಲ್ಲದ ವಾರ ಚಾಪೆಗಳ ಮೇಲೆ ಅರ್ಧ ಜಾಗ ಖಾಲಿ. ದೂರದಿಂದ ಹಸಿದು ಬಂದ ಮಗುವಿಗೆ ಹನ್ನೊಂದು ಗಂಟೆಯ ಹೊತ್ತಿಗೆ ಮ ಮೆ ಮಿ ಎಲ್ಲವೂ ಒಂದೇ.

ಆ ರಾಗಿಯ ಬಟ್ಟಲು ಮೊದಲ ಸಾರಿ ಕೈಗೆ ಬಂದಾಗ ನಾವು ಅದನ್ನು ಕುಡಿಯದೆ ಸ್ವಲ್ಪ ಹೊತ್ತು ನೋಡುತ್ತ ಕುಳಿತೆವು. ರಾಗಿ ನಮ್ಮದೇ ಬೆಳೆ, ಮೈಸೂರು ಸೀಮೆಯ ಮಣ್ಣಿನಲ್ಲೇ ಹುಟ್ಟಿದ್ದು ಎಂದು ನಮ್ಮಲ್ಲಿ ಎಷ್ಟೋ ಜನ ನಂಬಿರುವುದುಂಟು. ವಾಸ್ತವವಾಗಿ ಅದನ್ನು ಮೊದಲು ಕಾಡುಹುಲ್ಲಿನಿಂದ ಬೆಳೆಯಾಗಿ ಪಳಗಿಸಿದವರು ಪೂರ್ವ ಆಫ್ರಿಕದ ಎತ್ತರದ ನಾಡುಗಳ ರೈತರು. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮ ದೇಶಕ್ಕೆ ಬಂದಿತು. ವಿಕ್ಟೋರಿಯಾ ಸರೋವರದ ಸುತ್ತಲ ಜನ ರಾಗಿಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಮಾಡುವ ‘ಉಗಾಲಿ’ಯನ್ನು ನೋಡಿದರೆ ಮಂಡ್ಯದವರು ಸಾರು ಎಲ್ಲಿ ಎಂದು ಕೇಳುವುದು ಖಂಡಿತ. ಟಾಂಜಾನಿಯಾದ ಸ್ವಾಹಿಲಿಯಲ್ಲಿ ರಾಗಿಗೆ ‘ಉಲೇಜಿ’ ಎಂದು ಹೆಸರು. ಮಗುವನ್ನು ಸಾಕಿ ಸಲಹುವುದಕ್ಕೂ ಉಲೇಜಿ ಎಂದೇ ಹೆಸರು. ಎರಡು ಮಾತೂ ಒಂದೇ ಬೇರಿನವೋ ಅಲ್ಲವೋ ಭಾಷಾಶಾಸ್ತ್ರಜ್ಞರು ಹೇಳಲಿ. ಒಲೆಯ ಮುಂದೆ ಕುಳಿತ ತಾಯಂದಿರಿಗೆ ಆ ಭೇದದ ಗೊಡವೆ ಇರಲಿಲ್ಲ.

ಗಂಜಿಯ ತರುವಾಯ ಒಗಟಿನ ಹೊತ್ತು. ಹೇಳುವವರು ‘ಕಿತೆಂದಾವಿಲಿ!’ ಎಂದು ಸಾರಬೇಕು, ಒಗಟು ಎಂದು ಅರ್ಥ. ಮಕ್ಕಳೆಲ್ಲರೂ ‘ತೇಗಾ!’ ಎನ್ನಬೇಕು; ಬಲೆ ಒಡ್ಡು ಎಂದು ಅದರ ಅರ್ಥ. ಬಾಗಿಲಿಲ್ಲದ ಮನೆ ಯಾವುದು? ಮೊಟ್ಟೆ. ಬಿಡಿಸಲಾಗದಿದ್ದರೆ ಸೋತವರು ಒಂದು ಊರನ್ನು ಕೊಡಬೇಕು. ಹೇಳಿದವರು ಆ ಊರಿಗೆ ಹೋಗಿ ಬಂದಂತೆ, ಅಲ್ಲಿ ಚೆನ್ನಾಗಿ ಉಂಡು ಉಪಚಾರ ಪಡೆದಂತೆ ಒಂದಿಷ್ಟು ವರ್ಣಿಸಿ, ಆಮೇಲೆ ಉತ್ತರ ಹೇಳುತ್ತಾರೆ. ಒಂದು ದಿನ ನಮ್ಮನ್ನು ಸೋಲಿಸಿ ಊರು ಕೇಳಿದರು. ನಾವು ಧಾರವಾಡವನ್ನು ಕೊಟ್ಟೆವು. ಉಪಾಧ್ಯಾಯಿನಿ ಕಣ್ಣು ಮುಚ್ಚಿ ಧಾರವಾಡಕ್ಕೆ ಹೋಗಿ, ಅಲ್ಲಿ ಅಕ್ಕಿ ಮೀನು ಉಂಡು, ಸಮುದ್ರದಲ್ಲಿ ಸ್ನಾನ ಮಾಡಿ ಹಿಂತಿರುಗಿದರು. ತಿದ್ದುವ ಧೈರ್ಯ ನಮಗಾಗಲಿಲ್ಲ. ಅಂದಿನಿಂದ ‘ದರವಾದ’ ಆ ಮಕ್ಕಳ ಊರುಗಳ ಪಟ್ಟಿಯಲ್ಲಿ ಸೇರಿಹೋಯಿತು.

ಇದೆಲ್ಲ ಚೆನ್ನಾಗಿಯೇ ಇದೆ, ಆದರೆ ಪಾಠ ಯಾವಾಗ ಎಂದು ಕೇಳುವವರು ಅಲ್ಲಿಯೂ ಇದ್ದಾರೆ. ತಿಂಗಳ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು, ‘ಮಕ್ಕಳು ಬರಿಯ ಆಡುತ್ತಾರೆ. ನನ್ನ ಮಗನ ಪುಸ್ತಕದಲ್ಲಿ ಒಂದು ಅಕ್ಷರವೂ ಇಲ್ಲ. ಪೇಟೆಯ ಶಾಲೆಯಲ್ಲಿ ಇದೇ ವಯಸ್ಸಿನವರು ಇಂಗ್ಲಿಷಿನಲ್ಲಿ ಎಣಿಸುತ್ತಾರೆ’ ಎಂದರು. ಆತ ಕೆಟ್ಟ ಮನುಷ್ಯನಲ್ಲ. ಹಡಗುಕಟ್ಟೆಯಲ್ಲಿ ಮೂಟೆ ಹೊತ್ತು ಮಗನಿಗೆ ಬೇರೆ ಬದುಕನ್ನು ಬಯಸುವವನು. ಆ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ೧೯೬೭ರಿಂದ ಸ್ವಾಹಿಲಿಯೇ ಬೋಧನ ಭಾಷೆ. ಪ್ರೌಢಶಾಲೆಗೆ ಹೋದೊಡನೆ ಎಲ್ಲ ವಿಷಯಗಳೂ ಇಂಗ್ಲಿಷಿನಲ್ಲಿ. ಆ ಹೊಸಲಿನಲ್ಲಿ ಎಡವಿ ಬಿದ್ದವರ ಕಥೆಗಳನ್ನು ಊರೆಲ್ಲ ಬಲ್ಲದು. ಹಾಗಿರುವಲ್ಲಿ ಬೇಗ ಬೇಗ ಇಂಗ್ಲಿಷ್ ತುಂಬಿರಿ ಎಂದು ತಂದೆ ಕೇಳಿದರೆ ಅವನನ್ನು ನಗುವುದು ಸುಲಭ, ಉತ್ತರ ಕೊಡುವುದು ಕಷ್ಟ.

ಉಪಾಧ್ಯಾಯಿನಿ ಬಾಯಿಂದ ಉತ್ತರ ಕೊಡಲಿಲ್ಲ. ಮಾರನೆಯ ವಾರ ತಾಯಿತಂದೆಯರನ್ನು ಚಾಪೆಯ ಮೇಲೆ ಕೂರಿಸಿ, ಮಕ್ಕಳಿಂದ ಅಂಗಡಿಯಾಟ ಆಡಿಸಿದರು. ಬಿರಡೆಗಳೇ ದುಡ್ಡು, ತೆಂಗಿನ ಚಿಪ್ಪೇ ತಕ್ಕಡಿ. ಆ ತಂದೆಯ ಮಗನೇ ಅಂಗಡಿಕಾರ. ಗಿರಾಕಿಯಾಗಿ ಹೋದ ತಂದೆಗೆ ಎರಡು ಬಿರಡೆ ಚಿಲ್ಲರೆ ಕಡಮೆ ಬಂದುದನ್ನು ಮಗ ತಾನೇ ಕಂಡುಹಿಡಿದು ಹಿಂದಕ್ಕೆ ಕರೆದು ಕೊಟ್ಟ. ತಂದೆ ಏನೂ ಹೇಳಲಿಲ್ಲ. ಮುಂದಿನ ತಿಂಗಳ ಸಭೆಗೆ ಒಂದು ಸಣ್ಣ ಚೀಲ ಹಿಟ್ಟು ತಂದುಕೊಟ್ಟ.

ಈ ಬಗೆಯ ಕಲಿಕೆ ಒಬ್ಬರ ತಲೆಗೆ ಹೊಳೆದದ್ದಲ್ಲ. ೧೯೮೦ರ ದಶಕದಲ್ಲಿ ಕೀನ್ಯಾದ ಮೊಂಬಾಸದಲ್ಲಿ, ತಮ್ಮ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿ ಹಿಂದೆ ಬೀಳುತ್ತಿದ್ದಾರೆ ಎಂದು ಕರಾವಳಿಯ ಮುಸ್ಲಿಮರು ಚಿಂತಿಸಿ, ಆಗಾ ಖಾನರ ಪ್ರತಿಷ್ಠಾನದ ನೆರವು ಪಡೆದು ಊರೂರಿನ ಮದ್ರಸಗಳ ಜೊತೆಗೇ ಶಿಶುವಿಹಾರಗಳನ್ನು ತೆರೆದರು. ಈ ಕೆಲಸಕ್ಕೆ ಅಡಿಗಲ್ಲು ಹಾಕಿದವರು ಬೀ ಸ್ವಾಫಿಯಾ ಸಯೀದ್ ಎಂಬ ಉಪಾಧ್ಯಾಯಿನಿ. ಹೆಚ್ಚು ಓದದ ಹಳ್ಳಿಯ ಹೆಂಗಸರನ್ನೇ ಆರಿಸಿ ತರಬೇತಿ ಕೊಟ್ಟು, ಚಿಪ್ಪು, ಬಿರಡೆ, ತೆಂಗಿನ ಕರಟಗಳಿಂದ ಪಾಠದ ಸಾಮಗ್ರಿ ಮಾಡಿಸಿ, ಶಾಲೆಯ ಭಾರವನ್ನು ಊರವರ ಕೈಗೇ ಒಪ್ಪಿಸುವುದು ಅವರ ಪದ್ಧತಿ. ೧೯೯೦ರಲ್ಲಿ ಅದು ಜಾಂಜಿಬಾರಿಗೂ ೧೯೯೩ರಲ್ಲಿ ಉಗಾಂಡಕ್ಕೂ ಹಬ್ಬಿತು. ಈ ಮೂರೂ ಕಡೆಯ ಮಕ್ಕಳನ್ನು ಪರೀಕ್ಷಿಸಿ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮನೆಯಲ್ಲೇ ಉಳಿದ ಮಕ್ಕಳಿಗಿಂತ ಶಿಶುವಿಹಾರಕ್ಕೆ ಹೋದ ಮಕ್ಕಳು ಬುದ್ಧಿಯ ಪರೀಕ್ಷೆಗಳಲ್ಲಿ ಮುಂದಾದರೆಂದೂ, ಅವರಲ್ಲಿಯೂ ಈ ಶಾಲೆಗಳ ಮಕ್ಕಳು ಮಿಕ್ಕ ಶಿಶುವಿಹಾರಗಳವರಿಗಿಂತ ಮುಂದಾದರೆಂದೂ ತೋರಿಸಿತು. ಜಾಂಜಿಬಾರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಟ್ಟಡವೂ ಇಲ್ಲದ ಊರುಗಳಲ್ಲಿ ಮರದ ಕೆಳಗೆ ರೇಡಿಯೋ ಇಟ್ಟು, ಅದು ಹೇಳಿದಂತೆ ಊರಿನ ಒಬ್ಬರು ಮಕ್ಕಳನ್ನು ಆಡಿಸುವ ಏರ್ಪಾಡು ಮಾಡಿದರು. ಅದರ ಹೆಸರೇ ಆಡೋಣ-ಕಲಿಯೋಣ ಎಂದು. ಮುಂಬಯಿಯ ನಮ್ಮ ಜನಕ್ಕೆ ಇದಾವುದೂ ಅಪರಿಚಿತವಲ್ಲ. ತಾರಾಬಾಯಿ ಮೋಡಕರು ೧೯೪೫ರಲ್ಲಿ ಬೋರ್ಡಿಯಲ್ಲಿಯೂ ೧೯೫೭ರಿಂದ ಕೋಸಬಾಡದ ಗುಡ್ಡದ ಮೇಲೆಯೂ ಆದಿವಾಸಿ ಮಕ್ಕಳಿಗಾಗಿ ಮಾಡಿದ್ದು ಇದನ್ನೇ. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದವರು ಅವರು.

ಈಗ ನಮ್ಮ ಮನಸ್ಸಿನಿಂದ ಇನ್ನೂ ಹೋಗದ ಒಂದು ಸಂಗತಿಯನ್ನು ಹೇಳಬೇಕು.

ಆ ಸೀಮೆಗೆ ಒಳನಾಡಿನಿಂದ ದನಕರುಗಳೊಡನೆ ಬಂದು ನೆಲೆಸಿದ ಮಾಸಾಯಿ ಸಂಸಾರಗಳು ಕೆಲವು ಉಂಟು. ಅವರ ಮನೆಮಾತು ಬೇರೆ; ಸ್ವಾಹಿಲಿಗೂ ಅದಕ್ಕೂ, ಕನ್ನಡಕ್ಕೂ ಮರಾಠಿಗೂ ಇರುವಂತೆ, ಕುಲವೇ ಬೇರೆ. ಅಂಥ ಮನೆಯ ಒಬ್ಬ ಹುಡುಗಿ, ವಯಸ್ಸು ಐದಿರಬಹುದು, ಜನವರಿಯಲ್ಲಿ ಶಾಲೆಗೆ ಸೇರಿದಳು. ಬಂದವಳು ಚಾಪೆಯ ತುದಿಯಲ್ಲಿ ಕುಳಿತುಕೊಳ್ಳುವಳು, ಗಂಜಿ ಕುಡಿಯುವಳು, ಹೋಗುವಳು. ಒಂದು ತಿಂಗಳು, ಎರಡು ತಿಂಗಳು, ಮಾತೇ ಇಲ್ಲ. ಎಲ್ಲರೂ ರಾಗವಾಗಿ ಹೇಳುವಾಗ ತುಟಿ ಮಾತ್ರ ಅಲುಗುತ್ತಿತ್ತು. ಪರೀಕ್ಷಣೆಗೆ ಬಂದಿದ್ದ ಅಧಿಕಾರಿಯೊಬ್ಬರು ಅವಳನ್ನು ಎರಡು ಪ್ರಶ್ನೆ ಕೇಳಿ, ‘ಇದಕ್ಕೆ ಬುದ್ಧಿ ನಿಧಾನ’ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೋದರು.

ಒಂದು ದಿನ ಉಪಾಧ್ಯಾಯಿನಿ ಪ್ರತಿ ಮಗುವೂ ಮನೆಯಿಂದ ಒಂದು ಹಿಡಿ ಹುರುಳಿಕಾಯಿಯ ಬೀಜ ತರಬೇಕೆಂದು ಹೇಳಿದರು. ಆ ದೇಶದ ಬೀಜಗಳು ನಾನಾ ಬಣ್ಣದವು: ಕೆಂಪು, ಬಿಳಿ, ಹಳದಿ, ಚುಕ್ಕಿಯವು, ಪಟ್ಟೆಯವು, ಅರ್ಧ ಬಿಳಿ ಅರ್ಧ ಕಂದು. ಎಲ್ಲವನ್ನೂ ಒಂದು ಗುಡ್ಡೆ ಮಾಡಿ, ನಾಲ್ಕು ನಾಲ್ಕು ಜನಕ್ಕೆ ಒಂದೊಂದು ಪಾಲು ಕೊಟ್ಟು, ವಿಂಗಡಿಸಿ ಎಂದರು. ಮಕ್ಕಳು ಕೆಂಪು ಒಂದು ಕಡೆ, ಬಿಳಿ ಒಂದು ಕಡೆ, ಮಿಕ್ಕದ್ದೆಲ್ಲ ಇನ್ನೊಂದು ಕಡೆ ಎಂದು ಮೂರು ರಾಶಿ ಮಾಡಿ ಕೈ ಕೊಡವಿದರು. ಈ ಹುಡುಗಿಯ ಮುಂದೆ ರಾಶಿಗಳು ಬೆಳೆಯುತ್ತಲೇ ಹೋದುವು. ಸಣ್ಣ ಚುಕ್ಕಿಯವು ಬೇರೆ, ದೊಡ್ಡ ಮಚ್ಚೆಯವು ಬೇರೆ. ಬೆನ್ನ ಮೇಲೆ ಗೆರೆಯಿದ್ದುವು ಬೇರೆ, ಹೊಟ್ಟೆಯ ಕಡೆ ಬಿಳುಪಿದ್ದುವು ಬೇರೆ. ನಾವು ಎಣಿಸಿದೆವು, ಹನ್ನೊಂದು ರಾಶಿ. ದನ ಕಾಯುವ ಆ ಜನರ ಭಾಷೆಯಲ್ಲಿ ಹಸುವಿನ ಮೈಬಣ್ಣಕ್ಕೂ ಮಚ್ಚೆಯ ಬಗೆಗೂ ಎಷ್ಟೋ ಹೆಸರುಗಳಿವೆಯಂತೆ. ತಮ್ಮ ಹಿಂಡನ್ನು ಅವರು ಗುರುತಿಸುವುದೇ ಹಾಗೆ. ಉಪಾಧ್ಯಾಯಿನಿ ಅವಳ ಪಕ್ಕದಲ್ಲಿ ಕುಳಿತು, ಒಂದೊಂದು ರಾಶಿಯನ್ನೂ ತೋರಿಸಿ, ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ಕೈಸನ್ನೆಯಿಂದ ಕೇಳಿದರು. ಹುಡುಗಿ ಹೇಳಿದಳು. ಮೆಲ್ಲಗೆ ಒಂದು, ಆಮೇಲೆ ಇನ್ನೊಂದು, ಆಮೇಲೆ ತಡೆಯಿಲ್ಲದೆ ಹನ್ನೊಂದೂ. ಅರವತ್ತು ಮಕ್ಕಳು ಕುತ್ತಿಗೆ ಚಾಚಿ ಆ ಮಾತುಗಳನ್ನು ಅವಳ ಹಿಂದೆ ಹೇಳಿದರು. ಅಂದು ಆ ತರಗತಿಗೆ ಗುರು ಅವಳೇ.

ಅದರ ಮಾರನೆಯ ವಾರ ಉಪಾಧ್ಯಾಯಿನಿ ಅವಳ ತಾಯಿಯಿಂದ ನೀರು, ಹಾಲು, ಬಾ, ಕುಳಿತುಕೋ ಎಂಬ ಮಾತುಗಳನ್ನು ಮಾಸಾಯಿಯಲ್ಲಿ ಕಲಿತು ಬಂದರು. ಇಪ್ಪತ್ತು ಮಾತಿಗಿಂತ ಹೆಚ್ಚೇನೂ ಅಲ್ಲ. ಜೂನಿನ ರಜೆಗೆ ಮುಂಚೆ ಆ ಹುಡುಗಿ ಸ್ವಾಹಿಲಿಯಲ್ಲಿ ನಮ್ಮನ್ನು ತೆನೆಯ ಹೆಸರಿನಿಂದ ಕರೆದು ನಕ್ಕಳು.

ಟಾಂಜಾನಿಯಾದಲ್ಲಿ ೧೨೦ಕ್ಕೂ ಹೆಚ್ಚು ಭಾಷೆಗಳುಂಟು. ಅಷ್ಟನ್ನೂ ಸ್ವಾಹಿಲಿಯೊಂದರ ಕೆಳಗೆ ಕೂಡಿಸಿದುದರಿಂದಲೇ ಆ ದೇಶ ಒಡೆಯದೆ ನಿಂತಿತು ಎನ್ನುವವರ ಮಾತಿನಲ್ಲಿ ತಥ್ಯವಿದೆ. ನ್ಯೆರೆರೆಯವರ ಮನೆಮಾತೂ ಸ್ವಾಹಿಲಿಯಲ್ಲ, ಜನಾಕಿ. ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಗೆ ಸೇರಿ ಆ ಭಾಷೆಯಲ್ಲಿ ಓದಿದ ಅವರು, ಮುಂದೆ ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕವನ್ನು ೧೯೬೩ರಲ್ಲಿ ಸ್ವಾಹಿಲಿಗೆ ತಂದರು. ಆದರೆ ಐದು ವರ್ಷದ ಮಗುವಿಗೆ ದೇಶದ ಐಕ್ಯ ತಿಳಿಯದು. ತನ್ನ ಮಾತಿಗೆ ಈ ಕೋಣೆಯಲ್ಲಿ ಜಾಗವಿದೆಯೇ ಇಲ್ಲವೇ ಎಂಬುದಷ್ಟೇ ಅದಕ್ಕೆ ತಿಳಿಯುವುದು. ಸ್ವಾಹಿಲಿ ಮನೆಮಾತಿನ ಮಗು ನಕ್ಕುಕೊಂಡು ಬರುವ ಬಾಗಿಲಲ್ಲೇ ಮಾಸಾಯಿ ಮಗು ಮೂಕವಾಗುತ್ತದೆ. ಪೇಟೆಯ ಇಂಗ್ಲಿಷ್ ಶಾಲೆಯ ಬಾಗಿಲಲ್ಲಿ ಇಬ್ಬರೂ ಮೂಕರೇ. ಚೆಂಬೂರಿನಲ್ಲಿಯೋ ಸಿಕಂದರಾಬಾದಿನಲ್ಲಿಯೋ ಮನೆಯಲ್ಲಿ ಹರಟೆಮಲ್ಲನಾದ ನಮ್ಮ ಮಗು ಶಾಲೆಗೆ ಸೇರಿದ ಮೊದಲ ತಿಂಗಳು ಏಕೆ ಹಾಗೆ ಸುಮ್ಮನಾಯಿತು, ಟೀಚರು ಕಳುಹಿಸಿದ ಚೀಟಿಯಲ್ಲಿ ‘ಮಂಕು’ ಎಂಬ ಮಾತು ಏಕೆ ಬಂತು ಎಂದು ನಮ್ಮಲ್ಲಿ ಎಷ್ಟು ಮನೆಗಳವರು ಯೋಚಿಸಿಲ್ಲ? ಇಂಥ ಚೀಟಿ ಬಂದ ದಿನವೇ ಮನೆಯಲ್ಲಿ ಕನ್ನಡ ನಿಲ್ಲಿಸಿದವರನ್ನೂ ನಾವು ಬಲ್ಲೆವು. ಆ ಮಂದಿಗೆ ಹನ್ನೊಂದು ರಾಶಿ ಬೀಜಗಳನ್ನು ತೋರಿಸಬೇಕೆಂದು ನಮಗೆ ಆಸೆ.

ಉಪಾಧ್ಯಾಯಿನಿಯವರ ವಿಷಯವಾಗಿ ಎರಡು ಮಾತು. ಅವರು ಏಳನೆಯ ತರಗತಿ ಮುಗಿಸಿ, ಮದುವೆಯಾಗಿ, ಮೂರು ಮಕ್ಕಳ ತಾಯಿಯಾದ ಮೇಲೆ ಅಲ್ಪಕಾಲದ ತರಬೇತಿ ಪಡೆದವರು. ಅವರಿಗೆ ಸಂಬಳ ಬರುವುದು ಊರವರ ವಂತಿಗೆಯಿಂದ. ಗೇರುಬೀಜ ಮಾರಾಟವಾಗುವ ತಿಂಗಳುಗಳಲ್ಲಿ ಬರುತ್ತದೆ, ಮಳೆಗಾಲದಲ್ಲಿ ಬಾರದು. ಆಗ ಅವರು ಬೆಳಗಿನ ಜಾವ ಎದ್ದು ಹಿಟ್ಟಿನ ಬೋಂಡಗಳನ್ನು ಕರಿದು ಮಾರಿ ಶಾಲೆಗೆ ಬರುತ್ತಿದ್ದರು. ಕೈಗೆ ಎಣ್ಣೆಯ ವಾಸನೆ ಇರುತ್ತಿತ್ತು. ಒಳ್ಳೆಯ ಕೈಯ ಇಂಥವರು ಎಷ್ಟೋ ಜನ ಪೇಟೆಯಲ್ಲಿ ಮನೆಗೆಲಸವೋ ಅಂಗಡಿಯೋ ಸಿಕ್ಕಿದೊಡನೆ ಹೊರಟುಹೋಗುತ್ತಾರೆ, ಅವರ ಜೊತೆಗೆ ಹತ್ತು ವರ್ಷದ ಅನುಭವವೂ ಹೋಗುತ್ತದೆ. ದೊಡ್ಡ ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಗೋಡೆಯ ಮೇಲೆ ಹೆಸರು ಬರೆಸಬಹುದಲ್ಲ. ತಿಂಗಳ ಸಂಬಳಕ್ಕೆ ಸಿಗುವುದಿಲ್ಲ.

ನಾವು ಹೊರಡುವ ಡಿಸೆಂಬರಿನಲ್ಲಿ ಊರವರು ಎರಡನೆಯ ಕೋಣೆಗಾಗಿ ಇಟ್ಟಿಗೆ ಸುಡುತ್ತಿದ್ದರು. ಆರು ವರ್ಷ ತುಂಬಿದವರು ಜನವರಿಯಿಂದ ಹಳ್ಳದ ಆಚೆಯ ದೊಡ್ಡ ಶಾಲೆಗೆ ಹೋಗಬೇಕು. ಕೊನೆಯ ದಿನ ಉಪಾಧ್ಯಾಯಿನಿ ಹಾಜರಿ ಪುಸ್ತಕವನ್ನು ತೆರೆದು ಒಬ್ಬೊಬ್ಬರನ್ನೇ ಕೂಗಿದರು. ಮಾಸಾಯಿ ಹುಡುಗಿಯ ಮನೆಯವರು ಮೇವು ಹುಡುಕಿಕೊಂಡು ನವೆಂಬರಿನಲ್ಲೇ ದನಗಳನ್ನು ಹೊಡೆದುಕೊಂಡು ವಾಮಿ ನದಿಯ ಕಡೆಗೆ ಹೋಗಿಬಿಟ್ಟಿದ್ದರು. ಅವಳ ಹೆಸರು ಬಂದಾಗ ಮಕ್ಕಳೇ ‘ಇಲ್ಲ’ ಎಂದರು. ಉಪಾಧ್ಯಾಯಿನಿ ಆ ಹೆಸರನ್ನು ಹೊಡೆದುಹಾಕಲಿಲ್ಲ; ಅದರ ಮುಂದೆ ಪೆನ್ಸಿಲಿನಿಂದ ನದಿಯ ಹೆಸರನ್ನು ಬರೆದು, ಆ ಕಡೆಯ ಶಾಲೆಯವರಿಗೆ ಹೇಳಿಕಳುಹಿಸಲು ಬಸ್ಸಿನ ಚಾಲಕನ ಹತ್ತಿರ ಯಾರನ್ನು ಕಳುಹಿಸಬಹುದು ಎಂದು ತಾಯಂದಿರನ್ನು ಕೇಳಿದರು.